ನನಗೆ ನಾನೇ ಕೊಟ್ಟ ನೋಟೀಸು

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ತುಮಕೂರು ಜಿಲ್ಲೆಯ ನಮ್ಮ ಪುಟ್ಟ ಊರಿನ ಪುರಸಭೆಯಲ್ಲಿ ಟಪಾಲು ಗುಮಾಸ್ತ. ಐದೂವರೆಯವರೆಗೆ ಸರ್ಕಾರ, ಆರಕ್ಕೆ ಬಾಲ್ ಬ್ಯಾಡ್ಮಿಂಟನ್ ಸಂಘದ ಕಾರ್ಯದರ್ಶಿ. ಆಫೀಸಿನ ಹಿಂದಿನ ಖಾಲಿ ಜಾಗವೇ ನಮ್ಮ ಕೋರ್ಟು. ನೀರು ಚಿಮುಕಿಸಿ, ಸುಣ್ಣದ ಗೆರೆ ಎಳೆದು, ಹಳದಿ ಉಣ್ಣೆಚೆಂಡು ಹಾರಿತೆಂದರೆ ಅರ್ಧ ಊರು ಅಲ್ಲೇ ಇರುತ್ತಿತ್ತು. ಹಿಂದಿನ ವರ್ಷ ಗುಬ್ಬಿಯವರು ತಮ್ಮೂರಿನಲ್ಲಿ ನಮಗೆ ಮಣ್ಣು ಮುಕ್ಕಿಸಿದ್ದರು. ಈ ಸಲ ನಮ್ಮಲ್ಲಿಗೇ ಬಂದು ಆಡಲು ಒಪ್ಪಿದ್ದರು. ಸೇಡು ತೀರಿಸಿಕೊಳ್ಳಲು ಇನ್ನು ಹದಿನೈದೇ ದಿನ.

ಅಷ್ಟರಲ್ಲಿ ಹೊಸದಾಗಿ ಬಂದ ಮುಖ್ಯಾಧಿಕಾರಿಗಳು, ನೀರಿನ ಪೈಪುಗಳನ್ನು ಇಳಿಸಿಕೊಳ್ಳಲು ಆ ಜಾಗ ಬೇಕು, ಆಡುವವರಿಗೆ ನೋಟೀಸು ಕೊಡಿ ಎಂದರು. ಬರೆಯುವವನು ನಾನೇ. ಆಕ್ಷೇಪಣೆ ಇದ್ದಲ್ಲಿ ಮೂವತ್ತು ದಿನಗಳೊಳಗೆ ಸಲ್ಲಿಸತಕ್ಕದ್ದು ಎಂದು ಬರೆದು, ಸಹಿ ಹಾಕಿಸಿ, ಮೊಹರು ಒತ್ತಿ, ಕಾರ್ಯದರ್ಶಿಯಾದ ನನಗೇ ಕೊಟ್ಟುಕೊಂಡು, ತಲುಪಿದೆ ಎಂದು ರುಜು ಮಾಡಿದೆ.

ನನಗೊಂದು ಜಂಬವಿತ್ತು. ಇಡೀ ಆಫೀಸಿನಲ್ಲಿ ಕಾಗದಗಳು ತಿಂಗಳುಗಟ್ಟಲೆ ಗೊರಕೆ ಹೊಡೆಯುತ್ತಿದ್ದರೂ ನನ್ನ ಮೇಜಿನ ಮೇಲೆ ಒಂದೂ ಮರುದಿನಕ್ಕೆ ಉಳಿದದ್ದಿಲ್ಲ. ಅಂದು ಆಟವನ್ನೂ ಬಿಟ್ಟು ಕೂತು ಮೂರು ಪುಟದ ಆಕ್ಷೇಪಣೆ ಬರೆದೆ. ಯುವಜನರ ಆರೋಗ್ಯ, ಊರಿನ ಮರ್ಯಾದೆ, ಗುಬ್ಬಿಯವರ ಸೊಕ್ಕು, ಯಾವುದನ್ನೂ ಬಿಡಲಿಲ್ಲ. ಬೆಳಿಗ್ಗೆ ನಾನೇ ಸ್ವೀಕರಿಸಿ, ನಂಬರು ಹಾಕಿ, ಸಾಹೇಬರ ಮುಂದಿಟ್ಟೆ.

ಅವರು ಪೂರ್ತಿ ಓದಿದರು. "ಯಾರ್ರೀ ಈ ಕಾರ್ಯದರ್ಶಿ? ಚೆನ್ನಾಗಿ ಬರೀತಾನೆ."

"ನಾನೇ ಸಾರ್."

ತಲೆಯೆತ್ತಿ ನೋಡಿದರು. "ನೀವು ಸುಮ್ನೆ ಇದ್ದಿದ್ರೆ ಮೂವತ್ತು ದಿನ ನಾನು ಆ ಜಾಗ ಮುಟ್ಟೋ ಹಂಗಿರ್ಲಿಲ್ಲ ಕಣ್ರೀ. ಈಗ ಆಕ್ಷೇಪಣೆ ಬಂತಲ್ಲ, ತಿರಸ್ಕರಿಸ್ತೀನಿ. ನಾಳೆನೇ ಪೈಪ್ ಇಳಿಸ್ಕೊಳ್ಳಿ." ಅಂಚಿನಲ್ಲಿ ಒಂದು ಸಾಲು ಗೀಚಿ ಕಾಗದವನ್ನು ನನ್ನ ಕೈಗೇ ಕೊಟ್ಟರು.

ಸಂಜೆ ಸೈಕಲ್ ಶಾಪ್ ಇಟ್ಟಿದ್ದ ನಮ್ಮ ಕ್ಯಾಪ್ಟನ್ನಿಗೆ ವಿಷಯ ಹೇಳಿದೆ. ಅವನು ಬ್ಯಾಟು ಕೆಳಗಿಟ್ಟ. "ಹದಿನೈದು ದಿನ ಆ ಕಾಗ್ದ ಜೇಬಲ್ಲಿ ಇಟ್ಕಂಡಿದ್ರೆ ನಿಂಗೇನ್ಲಾ ಆಗ್ತಿತ್ತು? ನಿಮ್ ಆಫೀಸಲ್ಲಿ ಎಲ್ಲಾರೂ ಇಟ್ಕಳಲ್ವಾ?"

ನನಗೆ ನಾಚಿಕೆಯಿಂದ ಅಳುವೇ ಬಂತು.

ಮಾರನೆಯ ದಿನ ಲಾರಿ ಬಂತು. ಪೈಪುಗಳನ್ನು ಸುಣ್ಣದ ಗೆರೆಯ ಮೇಲೇ ಉರುಳಿಸಿದರು. ತಲುಪಿದೆ ಎಂದು ನಾನೇ ರುಜು ಮಾಡಿದೆ. ಆಮೇಲೆ ಕೂತು, ಕೋರ್ಟು ಹೋಯಿತು, ಪಂದ್ಯ ರದ್ದಾಗಿದೆ ಎಂದು ಗುಬ್ಬಿಯವರಿಗೆ ಕಾಗದ ಬರೆದೆ. ಅದನ್ನು ಅಂಚೆ ಪೆಟ್ಟಿಗೆಗೆ ಹಾಕಲು ಮಾತ್ರ ಕೈ ಬರಲಿಲ್ಲ. ನಾಳೆ ಹಾಕೋಣ, ನಾಡಿದ್ದು ಹಾಕೋಣ ಎಂದುಕೊಂಡೆ. ನನ್ನ ಸರ್ವೀಸಿನಲ್ಲಿ ತಡ ಮಾಡಿದ ಮೊದಲ ಕಾಗದ ಅದು.

ಹೇಳಿದ ದಿನಕ್ಕೆ ಸರಿಯಾಗಿ ಗುಬ್ಬಿ ತಂಡದ ಐವರೂ ಬ್ಯಾಟು ಹಿಡಿದು ಬಸ್ಸಿಳಿದರು. ಕಾಗದ ಇನ್ನೂ ನನ್ನ ಜೇಬಿನಲ್ಲೇ ಇತ್ತು.