ಗೋಲ್‌ಕೀಪರನ ಕನ್ನಡ

ನಾನು ಕಾಲೇಜಿನ ಫುಟ್‌ಬಾಲ್ ತಂಡಕ್ಕೆ ಸೇರಿದ್ದು ಹಾಸ್ಟೆಲ್ ಸೀಟಿನ ಆಸೆಗೆ. ಹೇಳಿಕೊಳ್ಳಲು ಈಗ ನಾಚಿಕೆಯಿಲ್ಲ, ಆಗಲೂ ಇರಲಿಲ್ಲ. ದಾವಣಗೆರೆಯಿಂದ ದೆಹಲಿಗೆ ಓದಲು ಹೋದ ನನಗೆ ಮೊದಲು ಸಿಕ್ಕಿದ್ದು ಮುನಿರ್ಕಾದಲ್ಲಿ ಕಿಟಕಿಯೇ ಇಲ್ಲದ ಒಂದು ಕೋಣೆ. ಬೆಳಗಾಗಿದೆಯೋ ಇಲ್ಲವೋ ತಿಳಿಯಬೇಕಾದರೆ ಮೆಟ್ಟಿಲಿಳಿದು ಗಲ್ಲಿಗೆ ಬಂದು ಕತ್ತೆತ್ತಿ ನೋಡಬೇಕು. ಸೆಕೆಗಾಲದಲ್ಲಿ ಅಲ್ಲಿ ಮಲಗೆದ್ದವನಿಗೆ ನರಕದ ಭಯ ಉಳಿಯುವುದಿಲ್ಲ.

ನಮ್ಮ ಕಾಲೇಜಿನಲ್ಲಿ ಆಟಗಾರರಿಗೆ ಹಾಸ್ಟೆಲ್ಲಿನಲ್ಲಿ ಜಾಗ ಕೊಡುವ ಪದ್ಧತಿಯಿತ್ತು. ನಾನು ಶಾಲೆಯಲ್ಲಿ ಆಡಿದ್ದು ಖೋ ಖೋ, ಅದೂ ಹೆಚ್ಚಾಗಿ ಕೂತುಕೊಂಡೇ. ಆದರೆ ದೇವರು ಎತ್ತರ ಕೊಡುವಾಗ ಕೈ ಬಿಗಿ ಹಿಡಿದಿರಲಿಲ್ಲ. ಕ್ರೀಡಾ ವಿಭಾಗದ ಮೇಷ್ಟ್ರು ನನ್ನನ್ನು ಪಾದದಿಂದ ತಲೆಯವರೆಗೆ ನೋಡಿ, "ಗೋಲಿನಲ್ಲಿ ನಿಲ್ಲು. ಬೇರೇನೂ ಮಾಡಬೇಡ, ನಿಂತಿರು ಸಾಕು" ಎಂದು ಹಿಂದಿಯಲ್ಲಿ ಹೇಳಿದರು. ನಾನು ನಿಂತೆ. ಅದೇ ವಾರ ಹಾಸ್ಟೆಲ್ಲಿಗೆ ಗಂಟುಮೂಟೆ ಸಾಗಿಸಿ, ಕಿಟಕಿಯ ಪಕ್ಕದ ಮಂಚವನ್ನೇ ಹಿಡಿದೆ.

ಷರತ್ತು ಬಂದದ್ದು ಆಮೇಲೆ. ಹಿಂದಿನ ವರ್ಷ ತಂಡ ಒಂದು ಪಂದ್ಯವನ್ನೂ ಗೆದ್ದಿರಲಿಲ್ಲವಂತೆ. ಈ ಸಲ ಒಂದನ್ನಾದರೂ ಗೆಲ್ಲದಿದ್ದರೆ ನಮ್ಮ ಜಾಗವೆಲ್ಲ ಕಬಡ್ಡಿಯವರಿಗೆ ಎಂದು ಮೇಷ್ಟ್ರು ಸಾರಿಬಿಟ್ಟರು. ಡ್ರಾ ಆದರೆ ಲೆಕ್ಕಕ್ಕಿಲ್ಲ. ಕಬಡ್ಡಿಯವರು ಆಗಿನಿಂದಲೇ ಒಬ್ಬೊಬ್ಬರಾಗಿ ಬಂದು, ಕುಶಲ ವಿಚಾರಿಸುವ ನೆಪದಲ್ಲಿ, ನಮ್ಮ ಮಂಚಗಳ ಮೇಲೆ ಕೂತು ನೋಡಿ ಹೋಗತೊಡಗಿದರು.

ಮೊದಲ ಪಂದ್ಯಗಳಲ್ಲಿ ಚೆನ್ನಾಗಿಯೇ ಸೋತೆವು. ಗೋಲ್‌ಕೀಪರ್ ಎಂದರೆ ಬರೀ ಚೆಂಡು ಹಿಡಿಯುವವನಲ್ಲ, ಹಿಂದಿನಿಂದ ಇಡೀ ಮೈದಾನ ನೋಡಿ ಕೂಗಿ ಹೇಳುವವನು. ಹಿಡಿಯುವುದು ನನಗೆ ಬಾರದಿದ್ದರೂ ಕೂಗುವುದು ಬರುತ್ತಿತ್ತು. ತೊಂದರೆಯೆಂದರೆ, "ಎಡಗಡೆ ಯಾರೂ ಇಲ್ಲ, ನೋಡ್ಕೋ" ಎಂದು ನಾನು ಹಿಂದಿಯಲ್ಲಿ ಅರಚಿದರೆ ಎದುರಾಳಿಗಳು ಅಚ್ಛಾ ಎನ್ನುತ್ತ ಎಡಗಡೆಗೇ ಬರುತ್ತಿದ್ದರು.

ನನ್ನ ಮುಂದೆ ಕಾವಲಿಗಿದ್ದವನು ಬೆಂಗಳೂರಿನ ಆಸ್ಟಿನ್ ಟೌನಿನ ಹುಡುಗ. ಅವನ ಬೀದಿಯಲ್ಲಿ ಮಕ್ಕಳು ನಡೆಯುವ ಮೊದಲು ಒದೆಯಲು ಕಲಿಯುತ್ತಾರೆ, ಹಾಗಾಗಿ ಅವನಿಗೆ ಆಟ ನಿಜವಾಗಿಯೂ ಬರುತ್ತಿತ್ತು. ಒಂದು ಸೋಲಿನ ನಂತರ ಅವನು ತಲೆ ಒರೆಸಿಕೊಳ್ಳುತ್ತ, "ಮಗಾ, ನೀನು ಕನ್ನಡದಲ್ಲೇ ಕೂಗು. ಈ ಊರಲ್ಲಿ ಯಾವನಿಗೆ ಗೊತ್ತಾಗತ್ತೆ?" ಎಂದ.

ಇಷ್ಟು ದಿನ ಇದು ಹೊಳೆಯಲಿಲ್ಲವಲ್ಲ ಎಂದು ನಾನು ಹಣೆ ಚಚ್ಚಿಕೊಂಡೆ. ಮರುದಿನದಿಂದಲೇ ಇಡೀ ತಂಡಕ್ಕೆ ಪಾಠ ಶುರುವಾಯಿತು. ಎಡ, ಬಲ, ಹಿಂದೆ, ಬಿಡು, ಒದಿ. ಮಣಿಪುರದ ನಾಯಕ ಒಂದೇ ಸಂಜೆಯಲ್ಲಿ ಎಲ್ಲವನ್ನೂ ಕಲಿತುಬಿಟ್ಟ. ಗೋಲು ಹೊಡೆಯಬೇಕಾದ ರೋಹ್ಟಕ್‌ನ ಭಾರಿ ಆಸಾಮಿಗೆ ಮಾತ್ರ ಎಡಬಲ ಕೊನೆಗೂ ಹತ್ತಲಿಲ್ಲ. 'ಒದಿ' ಎಂಬ ಒಂದೇ ಪದ ಅವನ ಮನಸ್ಸಿಗೆ ಹಿಡಿಸಿತು. ಮೆಸ್ಸಿನಲ್ಲಿ ದಾಲ್ ಬಡಿಸುವ ಭಯ್ಯಾ ಕೈ ಹಿಂದೆಗೆದರೂ "ಒದಿ, ಭಯ್ಯಾ, ಒದಿ" ಎನ್ನುತ್ತಿದ್ದ, ಅವರು ಇನ್ನೊಂದು ಸೌಟು ಹಾಕುತ್ತಿದ್ದರು.

ಪವಾಡವೇನೂ ಆಗಲಿಲ್ಲ, ಆದರೆ ಸೋಲುವುದು ನಿಂತಿತು. ಒಂದರ ಹಿಂದೊಂದು ಡ್ರಾ ಆಯಿತು. ನನಗೆ ಕೊಬ್ಬು ಬಂತು. ಎದುರಾಳಿಗಳ ಮೂಗು, ಕೂದಲು, ವಂಶಾವಳಿಯ ಬಗ್ಗೆಯೂ ಗೋಲಿನಲ್ಲಿ ನಿಂತೇ ಗಟ್ಟಿಯಾಗಿ ಅಭಿಪ್ರಾಯ ಹೇಳತೊಡಗಿದೆ. ಅಷ್ಟು ದೊಡ್ಡ ಊರಿನಲ್ಲಿ ಯಾರಿಗೂ ತಿಳಿಯದಂತೆ ಎಲ್ಲರನ್ನೂ ಬೈಯುವ ಸುಖ ಅನುಭವಿಸಿದವರಿಗೇ ಗೊತ್ತು.

ಹೀಗೆ ಕೊನೆಯ ಪಂದ್ಯ ಬಂತು. ಗೆದ್ದರೆ ಹಾಸ್ಟೆಲ್, ಇಲ್ಲವಾದರೆ ಮುನಿರ್ಕಾ. ಎದುರಿನ ಕಾಲೇಜು ಆಗಲೇ ಮುಂದಿನ ಸುತ್ತಿಗೆ ಹೋಗಿಯಾಗಿತ್ತು, ಅವರಿಗೆ ಗೆದ್ದರೂ ಒಂದೇ ಸೋತರೂ ಒಂದೇ. ಆದರೂ ಅವರಲ್ಲೊಬ್ಬ ಇದ್ದ, ತಲೆಗೆ ಹುಡುಗಿಯರ ಹೇರ್‌ಬ್ಯಾಂಡ್ ಹಾಕಿದ್ದ ಸಣಕಲ. ನಾನು "ಎಡಕ್ಕೆ ಬಿಡು" ಎನ್ನುವಷ್ಟರಲ್ಲಿ ಎಡಕ್ಕಿರುತ್ತಿದ್ದ. "ಹಿಂದೆ ಕೊಡು" ಎಂದರೆ ಹಿಂದಿರುತ್ತಿದ್ದ. ಇವನಿಗೆ ಮಾಟಮಂತ್ರ ಗೊತ್ತಿದೆ ಎಂದೇ ನನ್ನ ತೀರ್ಮಾನವಾಯಿತು. ಆ ಹೇರ್‌ಬ್ಯಾಂಡಿನ ಕುರಿತು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅವನು ಆಗಾಗ ತನ್ನಷ್ಟಕ್ಕೆ ನಗುತ್ತಿದ್ದ. ಹುಚ್ಚನಿರಬೇಕೆಂದುಕೊಂಡೆ.

ಚೆಂಡು ಆ ತುದಿಯಲ್ಲಿದ್ದಾಗ ನಾನೂ ಆಸ್ಟಿನ್ ಟೌನಿನವನೂ ಗೋಳಾಡಿಕೊಳ್ಳುತ್ತಿದ್ದೆವು. ಸಣಕಲ ಅಲ್ಲೇ ಸುಳಿದಾಡುತ್ತಿದ್ದ.

"ಇವತ್ತು ಗೆಲ್ಲದಿದ್ರೆ ಮತ್ತೆ ಅದೇ ಗೂಡು ಕಣೋ. ಆ ರೂಮಲ್ಲಿ ಇನ್ನೊಂದು ವರ್ಷ ಇದ್ರೆ ಸತ್ತೇ ಹೋಗ್ತೀನಿ."

"ಅಳ್ಬೇಡ ಮಗಾ, ಒಂದು ಗೋಲು ಸಾಕು."

ಗೋಲು ಬಂತು. ಯಾರೋ ಒದ್ದ ಚೆಂಡು, ಬೂಟಿನ ದಾರ ಕಟ್ಟಿಕೊಳ್ಳಲು ಬಗ್ಗಿದ್ದ ರೋಹ್ಟಕ್‌ನವನ ಹಿಂಭಾಗಕ್ಕೆ ಬಡಿದು ಒಳಗೆ ಹೋಯಿತು. ಏನಾಯಿತೆಂದು ಅವನಿಗೆ ನಾವೇ ಬಿಡಿಸಿ ಹೇಳಬೇಕಾಯಿತು. ಆಮೇಲೆ ಉಸಿರು ಬಿಗಿಹಿಡಿದು ಕಾಯ್ದೆವು. ಇನ್ನೇನು ಮುಗಿಯಿತು ಎನ್ನುವಾಗ ಆಸ್ಟಿನ್ ಟೌನಿನವನ ಕೈಗೆ ಚೆಂಡು ತಾಗಿತು. ಪೆನಾಲ್ಟಿ. ಚೆಂಡನ್ನು ಹಿಡಿದು ಮುಂದೆ ಬಂದವನು ಅದೇ ಸಣಕಲ.

ಚೆಂಡು ಇಡಲು ಬಗ್ಗಿದವನು, ತಲೆಯೆತ್ತದೆ, ಮೆಲ್ಲಗೆ ಹೇಳಿದ: "ಅಣ್ಣಾ, ನಿಮ್ಮ ರೈಟ್ ಸೈಡಿಗೆ ಹೊಡೀತೀನಿ. ಪಕ್ಕಾ."

ಹಾಗಾದರೆ ಎಲ್ಲ ತಿಳಿದಿದೆ ಇವನಿಗೆ. ಎಡ, ಬಲ, ಹೇರ್‌ಬ್ಯಾಂಡು, ಎಲ್ಲ. ಇಡೀ ಪಂದ್ಯ ಬಾಯಿ ಹೊಲಿದುಕೊಂಡು ಕದ್ದು ಕೇಳಿದ ಕಳ್ಳ ಈಗ ಅಣ್ಣಾ ಎನ್ನುತ್ತಾನೆ. ಯಾರಿಗೆ ಕಿವಿಯ ಮೇಲೆ ಹೂವಿಡಲು ಬಂದಿದ್ದಾನೆ? ನಾನೂ ದಾವಣಗೆರೆಯವನು. ಸೀಟಿ ಊದಿದ್ದೇ ತಡ, ಜೀವಮಾನದಲ್ಲಿ ಹಾರದಷ್ಟು ಚೆಂದವಾಗಿ ಎಡಕ್ಕೆ ಹಾರಿದೆ.

ಚೆಂಡು ಬಲಕ್ಕೆ ಬಂತು. ಬಂತು ಎನ್ನುವುದಕ್ಕಿಂತ ನಡೆದು ಬಂತು ಎನ್ನಬೇಕು. ನಾನು ನೆಲದ ಮೇಲೆ ಉದ್ದಕ್ಕೆ ಬಿದ್ದುಕೊಂಡು, ಅದು ಹುಲ್ಲಿನಲ್ಲಿ ಉರುಳುತ್ತ ಗೆರೆ ದಾಟುವುದನ್ನು ಪೂರ್ತಿ ನೋಡಿದೆ. ಪಂದ್ಯ ಡ್ರಾ ಆಯಿತು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಕಬಡ್ಡಿಯವರು.

ಆಮೇಲೆ ಅವನೇ ಹತ್ತಿರ ಬಂದ, ಮುಖ ಸಣ್ಣದು ಮಾಡಿಕೊಂಡು. "ನಿಮ್ಮ ರೂಮಿನ ಮಾತು ಕೇಳಿಸ್ತು ಅಣ್ಣಾ. ಇಸೀಲಿಯೇ, ಅದಕ್ಕೇ ಹೇಳಿದ್ದು. ಎಷ್ಟು ಸ್ಲೋ ಹೊಡ್ದೆ, ಎದ್ದು ಬಂದು ಹಿಡೀಬಹುದಿತ್ತು." ನನಗೆ ಅವನ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದು ಬಹಳ ಆಸೆಯಿತ್ತು, ಆದರೆ ಎಲ್ಲಿಂದ ಶುರುಮಾಡುವುದೋ ತಿಳಿಯಲಿಲ್ಲ.

ನಾನು ಮುನಿರ್ಕಾಕ್ಕೆ ಮರಳಿದ ವಾರ ಅವನು ಬಿಡದೆ ನನ್ನನ್ನೂ ಆಸ್ಟಿನ್ ಟೌನಿನವನನ್ನೂ ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿಗೆ, ತನ್ನ ಮನೆಗೆ ಕರೆದೊಯ್ದ. ಅವನ ತಾಯಿ ಹಾಸನದವರು. ಬಿಸಿ ಅಕ್ಕಿರೊಟ್ಟಿ ಹಾಕುತ್ತ ಕೂತಿದ್ದರು. ಅವನು ನಡೆದದ್ದೆಲ್ಲ ಹಿಂದಿಯಲ್ಲಿ ಅಭಿನಯಿಸಿ ತೋರಿಸಿದ, ನಾನು ಹಾರಿದ್ದನ್ನೂ ಸೇರಿಸಿ. ಆಸ್ಟಿನ್ ಟೌನಿನವನು ಹೊಟ್ಟೆ ಹಿಡಿದು ನಕ್ಕ. ನಾನೂ ನಕ್ಕೆ. ತಾಯಿ ನಗಲಿಲ್ಲ. ಮಗುಚುವ ಕೈ ನಿಲ್ಲಿಸಿ ನನ್ನ ಕಡೆ ತಿರುಗಿದರು.

"ಕನ್ನಡದಲ್ಲಿ ಹೇಳಿದ್ನೇನಪ್ಪಾ ಇವನು?"

"ಹೌದಮ್ಮಾ."

"ನಾನು ಕರೆದ್ರೂ ಹಿಂದೀಲೇ ಓಗೊಡ್ತಾನೆ. ಇವನ ಬಾಯಲ್ಲಿ ಒಂದು ಕನ್ನಡದ ಮಾತು ಕೇಳಿ ಎಷ್ಟು ಕಾಲ ಆಯ್ತೋ. ನಿನಗೋಸ್ಕರ ಆ ಮಾತು ಆಡಿದ್ನಲ್ಲಪ್ಪಾ, ನೀನು ನಂಬ್ಲೇ ಇಲ್ವಾ?"

ನಾನು ತಲೆ ತಗ್ಗಿಸಿದೆ. ಅವರು ಇನ್ನೊಂದು ರೊಟ್ಟಿ ತಂದು ತಟ್ಟೆಗೆ ಹಾಕಿದರು, ಬೇಡ ಎನ್ನಲೂ ನನ್ನಿಂದಾಗಲಿಲ್ಲ.