ಅರಿಶಿನ ಹಚ್ಚಿದ ಮತಪತ್ರ

ಮಗಳು ಈ ಕತೆಯನ್ನು ರಿಯಾದಿನ ನಮ್ಮ ಬಡಾವಣೆ ಮಲಾಜ್‌ನ ಅರ್ಧ ಮಂದಿಗೆ ಹೇಳಿ ಆಗಿದೆ. ಹೇಳುವಾಗಲೆಲ್ಲ ನನ್ನ ಕಡೆಗೊಂದು ನೋಟ ಬೀರುತ್ತಾಳೆ. ನಾನೀಗ ಫೋನಿನಲ್ಲಿ ಕನ್ನಡ ಕುಟ್ಟಲು ಕಲಿತಿದ್ದೇನೆ. ಆದ್ದರಿಂದ ನನ್ನ ಪಾಲಿನದನ್ನೂ ಹೇಳಿಬಿಡುತ್ತೇನೆ.

ಮಗಳು ನರ್ಸ್. ರಿಯಾದ್‌ಗೆ ಬರುವ ಮೊದಲು ಕೆನಡಾದ ಉತ್ತರ ತುದಿಯ ಹಿಮದೂರಿನಲ್ಲಿ ಕೆಲಸಕ್ಕಿದ್ದಳು. ಅಲ್ಲಿಯ ಪೌರತ್ವ ಸಿಕ್ಕಿದ ವರ್ಷವೇ ಅಳಿಯನಿಗೆ ಇಲ್ಲಿ ಕೆಲಸವಾಗಿ ಇಬ್ಬರೂ ಹೊರಟು ಬಂದರು. ಆ ಊರು ಸೇರುವ ಸಂಸತ್ ಕ್ಷೇತ್ರದೊಳಗೆ ನಮ್ಮ ಇಡೀ ಕರ್ನಾಟಕವನ್ನು ಇಟ್ಟರೆ ಆಮೇಲೆ ಹುಡುಕಬೇಕು, ಅಷ್ಟು ಅಗಲ. ಜನ ಮಾತ್ರ ನಮ್ಮ ಕಡೆಯ ಒಂದು ಪೇಟೆಯಷ್ಟು. ಅಷ್ಟಕ್ಕೂ ಸೇರಿ ಒಬ್ಬನೇ ಸಂಸದ. ಊರಿಂದೂರಿಗೆ ರಸ್ತೆ ಇಲ್ಲ, ಮತ ಕೇಳಲು ಬರುವವರೂ ವಿಮಾನದಲ್ಲೇ ಬರಬೇಕು.

ಹೆರಿಗೆಗೂ ವಿಮಾನವೇ. ದಿನ ತುಂಬುವ ಮೊದಲೇ ಬಸುರಿಯರನ್ನು ದೂರದ ಆಸ್ಪತ್ರೆಗೆ ಕಳಿಸುತ್ತಿದ್ದರು. ಗಂಡ, ಮಕ್ಕಳು ಎಲ್ಲ ಇತ್ತ, ಅವಳೊಬ್ಬಳು ಅತ್ತ. ಅಳುವವರನ್ನು ಸಮಾಧಾನ ಮಾಡಿ ವಿಮಾನ ಹತ್ತಿಸುವುದು ಮಗಳ ಕೆಲಸವಾಗಿತ್ತು. ಎರಡು ಸಾವಿರದ ಹದಿನೈದರ ಚುನಾವಣೆಯಲ್ಲಿ ಅಲ್ಲಿಯ ಅಭ್ಯರ್ಥಿಯೊಬ್ಬಳು ಊರಿನಲ್ಲೇ ಹೆರಿಗೆ ಮನೆ ಮಾಡಿಸುತ್ತೇನೆ ಎಂದಳಂತೆ. ಮಗಳು ಅವಳಿಗೆ ಮತ ಹಾಕಲೇಬೇಕೆಂದು ಕೂತಳು. ವಯಸ್ಸು ನಲವತ್ತು ದಾಟಿದರೂ ಅವಳು ಒಮ್ಮೆಯೂ ಮತ ಹಾಕಿದವಳಲ್ಲ. ಚುನಾವಣೆ ಇದ್ದಲ್ಲಿ ಅವಳಿಲ್ಲ, ಅವಳಿದ್ದಲ್ಲಿ ಚುನಾವಣೆ ಇಲ್ಲ. ದೇಶ ಬಿಟ್ಟು ಐದು ವರ್ಷವಾದರೆ ಮತದ ಹಕ್ಕು ಹೋಗುತ್ತದೆ ಎಂಬ ನಿಯಮ ಬೇರೆ. ಇವಳು ಬಿಟ್ಟು ಬಂದು ಆಗಲೇ ನಾಲ್ಕಾಗಿತ್ತು.

ಅಂಚೆಯಲ್ಲಿ ಮತಪತ್ರ ತರಿಸಿದಳು. ಅದು ಆಸ್ಪತ್ರೆಯ ಪೋಸ್ಟ್ ಬಾಕ್ಸಿಗೆ ಬಂದು ಮುಟ್ಟುವಾಗಲೇ ಬಹಳ ತಡವಾಗಿತ್ತು. ನೋಡಿದರೆ ಅದರಲ್ಲಿ ಹೆಸರೂ ಇಲ್ಲ, ಚಿಹ್ನೆಯೂ ಇಲ್ಲ. ಒಂದು ಖಾಲಿ ಗೆರೆ, ಅಷ್ಟೇ.

“ಇದೆಂತ ಮಾರಾಯ್ತಿ, ಬಿಟ್ಟ ಸ್ಥಳ ತುಂಬಿರಿ ಇದ್ದ ಹಾಗೆ ಉಂಟು,” ಎಂದೆ.

“ಹೆಸರು ನಾವೇ ಬರೀಬೇಕಮ್ಮ. ಬರೆದು ಈ ಸಣ್ಣ ಲಕೋಟೆಗೆ, ಅದನ್ನು ಈ ದೊಡ್ಡ ಲಕೋಟೆಗೆ ಹಾಕಿ ಸಹಿ ಮಾಡೂದು. ನೀನು ದಯಮಾಡಿ ಮುಟ್ಟಬೇಡ.”

ಮುಟ್ಟಬೇಡ ಎಂದದ್ದು ನನಗೆ ಕೇಳಿಸಿತ್ತು. ಸುಳ್ಳು ಹೇಳುವುದಿಲ್ಲ.

ಹೆಸರು ಬರೆದು, ಶಾಯಿ ಒಣಗಲಿ ಎಂದು ಊಟದ ಮೇಜಿನ ಮೇಲೆ ಬಿಟ್ಟು ಸ್ನಾನಕ್ಕೆ ಹೋದಳು. ಕಾಗದ ಬೋಳಾಗಿ ಬಿದ್ದಿತ್ತು. ನಮ್ಮ ಮನೆಯಿಂದ ಶುಭದ ಕಾಗದ ಯಾವುದೂ ಬೋಳಾಗಿ ಹೊರಟದ್ದಿಲ್ಲ. ಮದುವೆ ಕಾಗದವಾಗಲಿ, ಜಾತಕವಾಗಲಿ, ನಾಲ್ಕು ಮೂಲೆಗೆ ಅರಿಶಿನ ಹಚ್ಚಿಯೇ ಕಳಿಸುವುದು. ಇವಳ ನರ್ಸಿಂಗ್ ಪರೀಕ್ಷೆಯ ಹಾಲ್ ಟಿಕೆಟಿಗೂ ನಾನು ಹಚ್ಚಿದ್ದೆ, ಪಾಸಾದಳು. ಹಾಗಿರುವಾಗ ಜೀವಮಾನದ ಮೊದಲ ಮತವನ್ನು ವಿಧವೆಯ ಹಣೆಯ ಹಾಗೆ ಕಳಿಸುವುದಾ? ಅಡುಗೆಮನೆಯ ಡಬ್ಬಿ ತೆಗೆದೆ, ಬೆರಳು ಒದ್ದೆ ಮಾಡಿ ನಾಲ್ಕು ಮೂಲೆಗೂ ಚಂದಕ್ಕೆ ಹಚ್ಚಿದೆ.

ಹಚ್ಚಿದ ಮೇಲೆ ಅಳಿಯ ಬಂದು ನೋಡಿದರು. ಅವರು ಮಾತು ಕಡಿಮೆಯ ಮನುಷ್ಯ.

“ಅತ್ತೇ, ಅದಕ್ಕೆ ಗುರುತು ಮಾಡಿದ್ರೆ ಮತ ಕ್ಯಾನ್ಸಲ್ ಆಗ್ತದೆ,” ಎಂದರು, ಹಾಲು ಒಡೆದಿದೆ ಎನ್ನುವ ಸ್ವರದಲ್ಲಿ.

ಬಚ್ಚಲಲ್ಲಿ ಇನ್ನೂ ನೀರಿನ ಸದ್ದಿತ್ತು. ಬೇಗ ಬೇಗ ಬಟ್ಟೆಗೆ ಸೋಪು ಹಚ್ಚಿ ಮೂಲೆಗಳನ್ನು ಒರೆಸಿದೆ. ಅರಿಶಿನಕ್ಕೆ ಸೋಪು ತಾಗಿದರೆ ಏನಾಗುತ್ತದೆಂದು ಐವತ್ತು ವರ್ಷ ಸೀರೆ ಒಗೆದ ನನಗೆ ಗೊತ್ತಿರಬೇಡವೇ? ನಾಲ್ಕು ಮೂಲೆಯೂ ಕೆಂಪಾಯಿತು.

ಮಗಳು ತಲೆಗೆ ಟವೆಲ್ ಸುತ್ತಿಕೊಂಡು ಬಂದಳು.

“ಅಮ್ಮಾ! ಎಂತ ಮಾಡಿದ್ದು ನೀನು?”

“ಮೊದ್ಲು ಹಳದಿ ಇತ್ತು,” ಎಂದೆ.

“ನಿನಗೆ ಹೇಳಿದ್ದು ಒಂದೇ ಒಂದು ಮಾತು! ಯಾರದ್ದು ಅಂತ ಗೊತ್ತಾಗುವ ಹಾಗೆ ಏನೂ ಇರಬಾರ್ದು ಅದರಲ್ಲಿ. ಆ ಕ್ಷೇತ್ರದ ಮತದಾರರಲ್ಲಿ ಮನೆಯಲ್ಲಿ ಅರಿಶಿನ ಇಟ್ಟುಕೊಂಡವಳು ನಾನೊಬ್ಬಳೇ ಇರಬೇಕು. ನನ್ನ ಫೋಟೋ ಅಂಟಿಸಿದ್ರೂ ಆಗ್ತಿತ್ತು!”

ಆಮೇಲೆ ಅವಳು ಬೈಯಲಿಲ್ಲ. ಕುರ್ಚಿಯಲ್ಲಿ ಕೂತು ಕಾಗದವನ್ನೇ ನೋಡುತ್ತಿದ್ದಳು. ಬೈದಿದ್ದರೆ ವಾಸಿಯಿತ್ತು.

ಸಂಜೆ ಅಲ್ಲಿಯ ಚುನಾವಣಾ ಕಚೇರಿಗೆ ಫೋನ್ ಮಾಡಿದಳು. ಬೇರೆ ಮತಪತ್ರ ಕಳಿಸಬಹುದಂತೆ, ಆದರೆ ಅದು ಇಲ್ಲಿಗೆ ಬಂದು ಮರಳಿ ಹೋಗುವಷ್ಟರಲ್ಲಿ ಚುನಾವಣೆ ಮುಗಿದಿರುತ್ತದಂತೆ. ಇದನ್ನೇ ಕಳಿಸಿದರೆ ಒಪ್ಪುವುದೋ ಬಿಡುವುದೋ ಎಣಿಸುವವರ ತೀರ್ಮಾನವಂತೆ.

“ನಾನೇ ಮಾಡಿದ್ದು ಅಂತ ಒಂದು ಚೀಟಿ ಬರೆದು ಒಳಗೆ ಇಡ್ಲಾ?” ಎಂದು ಕೇಳಿದೆ.

“ನೀನು ಸುಮ್ಮನೆ ಕೂತ್ಕೊಳ್ತೀಯಾ?”

ಕೂತೆ. ಅವಳು ಮತಪತ್ರವನ್ನು ಮಡಚಿ ಸಣ್ಣ ಲಕೋಟೆಗೆ, ಅದನ್ನು ದೊಡ್ಡ ಲಕೋಟೆಗೆ ಹಾಕಿ ಸಹಿ ಮಾಡಿದಳು. “ಬಿಸಾಡ್ಲಿಕ್ಕೆ ನನ್ನ ಕೈಯಿಂದ ಆಗೂದಿಲ್ಲ. ಬೇಕಾದ್ರೆ ಅವರೇ ಬಿಸಾಡ್ಲಿ,” ಎಂದಳು. ಮೂವರೂ ಕಾರು ಹತ್ತಿ ಕೊರಿಯರ್ ಅಂಗಡಿ ಮುಟ್ಟುವಾಗ ಮುಸ್ಸಂಜೆಯ ಮಗ್ರಿಬ್ ನಮಾಜಿಗೆ ಶಟರ್ ಎಳೆದಾಗಿತ್ತು. ಶಟರ್ ಏಳುವವರೆಗೆ ಕಾರಿನಲ್ಲೇ ಕಾದೆವು. ನಾನು ಎರಡು ಸಲ ಕೆಮ್ಮಿದೆ.

ಲಕೋಟೆ ಚುನಾವಣೆಯ ದಿನಕ್ಕೆ ಮೊದಲೇ ಮುಟ್ಟಿತು ಎಂದು ಕೊರಿಯರಿನವರು ತಿಳಿಸಿದರು. ಆದರೆ ಹೆರಿಗೆ ಮನೆಯ ಹೆಂಗಸು ಸೋತಳು. ಒಂದು ಮತದಿಂದಲ್ಲ, ದೇವರ ದಯೆ. ಒಂದರಿಂದ ಸೋತಿದ್ದರೆ ನನ್ನನ್ನು ಅವತ್ತೇ ಮಂಗಳೂರು ವಿಮಾನ ಹತ್ತಿಸುತ್ತಿದ್ದರು.

“ನಿನ್ನದನ್ನು ಎಣಿಸಿದ್ರಾ?” ಎಂದು ಕೇಳಿದೆ.

“ಅದು ಗೊತ್ತಾಗೂದಿಲ್ಲಮ್ಮ. ಗುಟ್ಟಿನ ಮತದಾನ.”

ಗುಟ್ಟು ಸರಿ. ಹಾಕಿದವಳಿಗೂ ತಿಳಿಯದಷ್ಟು ಗುಟ್ಟು ಯಾಕೆಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಆಮೇಲೆ ಐದು ವರ್ಷದ ಆ ನಿಯಮವನ್ನು ತೆಗೆದು ಹಾಕಿದರು. ಹತ್ತೊಂಬತ್ತರಲ್ಲಿ ಮತ್ತೆ ಅದೇ ಕ್ಷೇತ್ರದ ಮತಪತ್ರ ಬಂತು. ಮಗಳು ಕೋಣೆಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡಳು. ನಾನು ಹೊರಗೆ ನಿಂತೆ.

“ಅಮ್ಮ, ಅಲ್ಲೇ ಇದ್ದೀಯಾ?”

“ಇಲ್ಲ,” ಎಂದೆ.

ಬಾಗಿಲು ತೆರೆದು ಬಂದಳು. ಅಂಟಿಸಿ ಸಹಿ ಹಾಕಿದ ಲಕೋಟೆಯನ್ನು ನನ್ನ ಮುಖದ ಮುಂದೆ ಹಿಡಿದಳು. “ಸರಿಯಾಗಿ ನೋಡು. ಕೈ ಹಿಂದೆ ಕಟ್ಟಿ ನೋಡು,” ಎಂದಳು.

ಕೈ ಹಿಂದೆ ಕಟ್ಟಿಯೇ ನೋಡಿದೆ. ಬೋಳಾಗಿತ್ತು. ಆದರೂ ಬಾಯಿ ಮುಚ್ಚಿಕೊಂಡಿದ್ದೆ.