ಉಳ್ಳಾಗಡ್ಡಿಯ ಧ್ಯಾನ

ಮೊನ್ನೆ ಊಟಕ್ಕೆ ಕೂತ ಮೊಮ್ಮಗ ಈರುಳ್ಳಿಯನ್ನು ಹೆಚ್ಚಿಕೊಳ್ಳದೆ, ತಟ್ಟೆಯ ಪಕ್ಕ ಇಟ್ಟು ಮುಷ್ಟಿಯಿಂದ ಗುದ್ದಿ ಒಡೆದ. ಎಲ್ಲಿ ಕಲಿತನೋ! ಆ ಘಾಟು ಮೂಗಿಗೆ ಬಡಿದದ್ದೇ ತಡ, ನಾಸಿಕದಲ್ಲಿ ಪಕ್ಕದ ಮನೆಯಲ್ಲಿದ್ದ ಮೇಷ್ಟ್ರು ನೆನಪಾದರು... ಕಣ್ಣಲ್ಲಿ ನೀರು ಬಂತು. ಸದ್ಯ, ಹೇಳಿಕೊಳ್ಳಲು ಈರುಳ್ಳಿಯ ನೆಪ ಇತ್ತು.

ಅರವತ್ತರ ದಶಕದ ಕೊನೆ. ಕುಂದಾಪುರದ ಕಡೆಯಿಂದ ಮದುವೆಯಾಗಿ ನಾಸಿಕಕ್ಕೆ ಬಂದಿದ್ದೆ. ನನ್ನವರದು ಸಣ್ಣ ಶಾಕಾಹಾರಿ ಹೋಟೆಲು. ಪಕ್ಕದ ಮನೆಯಲ್ಲಿ ಕಲಬುರ್ಗಿ ಕಡೆಯ ಗಂಡ ಹೆಂಡತಿ. ಗಂಡ ಖಾಸಗಿ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಆ ವರ್ಷ ಕಾಯಂ ಆಗದಿದ್ದರೆ ಕೆಲಸವೇ ಇಲ್ಲ. ಆಕೆ ತುಂಬು ಬಸುರಿ. ದಿನಾ ಬೆಳಿಗ್ಗೆ ಮೇಷ್ಟ್ರು ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು, ರೆಪ್ಪೆ ಬಡಿಯದೆ ಅದನ್ನೇ ನೋಡುತ್ತ ಕೂರುತ್ತಿದ್ದರು. ಆ ಪೂಜೆ ಮುಗಿಯದೆ ಹನಿ ನೀರೂ ಮುಟ್ಟುತ್ತಿರಲಿಲ್ಲ.

ಸಂಜೆ ಜಗಲಿಯಲ್ಲಿ ಕೂತು, ಅಣುವಿಗಿಂತ ಸಣ್ಣದನ್ನು ನೋಡಲು ಹೋದರೆ ನೋಟವೇ ಅದನ್ನು ಕದಲಿಸುತ್ತದೆ ಎಂದೆಲ್ಲ ಹೇಳುವರು. “ಹಂಗಾರೆ ನಮ್ಮ ಋಷಿಗಳಿಗೆ ಇದೆಲ್ಲ ಗೊತ್ತಿತ್ತಲ್ದಾ?” ಎಂದು ನನ್ನವರು ಕೇಳಿದರೆ ನಗುತ್ತಿದ್ದರು.

“ವೇದಾಂತ ಕೇಳೋದು, ನೋಡಾಂವ ಯಾರು ಅಂತರಿ. ಅಂವನ್ನ ಅಳೆಯೋ ಮಷೀನು ನಮ್ಮ ಲ್ಯಾಬಿನಾಗ ಇಲ್ರಿ.”

ಕಾಲೇಜಿನ ಅಧ್ಯಕ್ಷರಿಗೆ ಅಂಥ ಮಷೀನೇ ಬೇಕಾಗಿತ್ತು. ಧ್ಯಾನದ ಶಕ್ತಿಯನ್ನು ವಿಜ್ಞಾನದಿಂದ ಸಾಬೀತು ಮಾಡಿ ತೋರಿಸಿ, ಕಾಯಂ ಮಾಡುತ್ತೇನೆ ಎಂದರಂತೆ. ಮೇಷ್ಟ್ರು ಒಪ್ಪಿಬಿಟ್ಟರು. ಮನೆಯೊಳಗಿನ ಪೂಜೆಯನ್ನು ವೇದಿಕೆಗೆ ಒಯ್ಯುತ್ತಾರಲ್ಲ ಎಂದು ಆಕೆಗೆ ಸಂಕಟ. ಬೇಡವೆನ್ನೋಣವೆಂದರೆ ಹೊಟ್ಟೆಯಲ್ಲಿ ಕೂಸು.

ಪ್ರಯೋಗದ ದಿನ ಮಧ್ಯಾಹ್ನ ಆಕೆಯೂ ನಾನೂ ಸಂತೆ ಮುಗಿಸಿ, ಚೀಲದ ಸಮೇತ ಕಾಲೇಜಿನ ಸಭಾಂಗಣಕ್ಕೆ ಬಂದು ಮುಂದಿನ ಸಾಲಿನಲ್ಲಿ ಕೂತೆವು. ಮೇಷ್ಟ್ರ ಬಲಗೈಯ ಎರಡು ಬೆರಳಿಗೆ ಹಿತ್ತಾಳೆಯ ಪಟ್ಟಿ, ಅದರಿಂದ ತಂತಿ, ಬ್ಯಾಟರಿ, ಒಂದು ದೊಡ್ಡ ಮೀಟರು. ಎಡ ಅಂಗೈಯಲ್ಲಿ ಲಿಂಗ. ಮುಳ್ಳು ಅಲುಗಲೇ ಇಲ್ಲ. ಅಧ್ಯಕ್ಷರು ಕುತ್ತಿಗೆ ಒರೆಸಿಕೊಂಡರು. ಆಕೆ ನನ್ನ ಮಣಿಕಟ್ಟು ಹಿಡಿದ ಹಿಡಿತಕ್ಕೆ ಬಳೆ ಒತ್ತಿ ನೋಯುತ್ತಿತ್ತು. ಆಮೇಲೆ ಮುಳ್ಳು ನಡುಗಿತು... ಮೆಲ್ಲಗೆ ಏರತೊಡಗಿತು.

“ಪಾಹಾ! ಹೇಚ್ ಚೈತನ್ಯ!” ನೋಡಿ, ಇದೇ ಚೈತನ್ಯ ಎಂದು ಅಧ್ಯಕ್ಷರು ಕೂಗಿದರು. ಚಪ್ಪಾಳೆಯೋ ಚಪ್ಪಾಳೆ. ಆಕೆ ಕೈ ಸಡಿಲಿಸಿ ನನ್ನತ್ತ ತಿರುಗಿ ನಕ್ಕಳು. ನನಗೂ ಹೋದ ಜೀವ ಬಂದಂತಾಯಿತು.

ಮೇಷ್ಟ್ರು ಮಾತ್ರ ನಗಲಿಲ್ಲ. ಲಿಂಗವನ್ನು ಕಣ್ಣಿಗೊತ್ತಿಕೊಂಡು ಕರಡಿಗೆಯಲ್ಲಿಟ್ಟು, ಬೆರಳಿನ ಪಟ್ಟಿ ಬಿಚ್ಚಿದರು. ವೇದಿಕೆಯ ಅಂಚಿಗೆ ಬಂದು ಹೆಂಡತಿಯ ಕಡೆ ಬಗ್ಗಿದರು.

“ಚೀಲದಾಗಿಂದು ಒಂದು ಉಳ್ಳಾಗಡ್ಡಿ ಕೊಡು.”

ನನಗೆ ತಲೆಬುಡ ತಿಳಿಯಲಿಲ್ಲ. ಆಕೆಗೆ ತಿಳಿಯಿತು. “ಬ್ಯಾಡ್ರೀ...” ಅಂದಳು.

“ಹೆದರಿ ಬೆವತೀನಿ. ಹಸಿ ಇದ್ದಲ್ಲಿ ಕರೆಂಟ್ ಹರೀತದ, ಅದಕ್ಕ ಮುಳ್ಳು ಏರ್ಯಾದ. ಅದನ್ನ ದೇವರ ಹೆಸರಿಗೆ ಹ್ಯಾಂಗ ಹಚ್ಚಲಿ?”

ಆಕೆ ಚೀಲದಲ್ಲಿ ಕೈಯಾಡಿಸಿದಳು, ಬಹಳ ಹೊತ್ತು. ಕೊನೆಗೆ ಕೊಟ್ಟಳು. ಮೇಷ್ಟ್ರು ರೊಟ್ಟಿಯ ಊಟಕ್ಕೆ ಒಡೆಯುವ ಹಾಗೆ ಅದನ್ನು ಮೇಜಿನ ಮೇಲಿಟ್ಟು ಗುದ್ದಿದರು. ಎರಡೂ ಪಟ್ಟಿಗಳನ್ನು ಅದಕ್ಕೆ ಚುಚ್ಚಿದರು. ಮುಳ್ಳು ಸರ್ರನೆ ಕೊನೆ ಮುಟ್ಟಿತು. ಇದೂ ಧ್ಯಾನಕ್ಕೆ ಕೂತಿದೆಯೇ ಎಂದು ಮರಾಠಿಯಲ್ಲಿ ಕೇಳಿದರು. ಯಾರೂ ನಗಲಿಲ್ಲ. ಸಭೆಯ ತುಂಬ ಘಾಟು...

ಕೆಲಸ ಹೋಯಿತು. ಆಗಿನ ಔರಂಗಾಬಾದಿನ ಶಾಲೆಯೊಂದಕ್ಕೆ ಅವರು ಹೊರಟು ನಿಂತಾಗ ನನಗೆ ಸಿಟ್ಟು ತಡೆಯಲಾಗಲಿಲ್ಲ. “ಸುಮ್ನೆ ಕೂತಿದ್ರೆ ಏನಾತಿತ್ತು ಮೇಷ್ಟ್ರೆ?” ಎಂದೆ.

“ಏನೂ ಆಗ್ತಿರಲಿಲ್ಲ ತಂಗಿ. ಮರುದಿನ ಅಂಗೈಯಾಗ ಲಿಂಗ ಇಟ್ಕೊಂಡು ಏನ್ ನೋಡ್ಲಿ?”

ಎಷ್ಟೋ ವರ್ಷಗಳ ಮೇಲೆ ಒಂದು ಮದುವೆಗೆಂದು ಔರಂಗಾಬಾದಿಗೆ ಹೋದಾಗ ಮೇಷ್ಟ್ರು ತೀರಿಕೊಂಡಿದ್ದರು. ಆಕೆಯ ತಲೆ ಬೆಳ್ಳಗಾಗಿತ್ತು. ರೊಟ್ಟಿ ಬಡಿಸಿ, ಈರುಳ್ಳಿ ಗುದ್ದಿಕೊಟ್ಟಳು. ಆವತ್ತು ಯಾಕೆ ಅಷ್ಟು ಹೊತ್ತು ಹುಡುಕಿದಿರಿ, ಕೊಡಲು ಮನಸ್ಸಿರಲಿಲ್ಲವೇ ಎಂದು ಕೇಳಿದೆ.

“ಹಂಗಲ್ಲಕ್ಕಾ. ಮೊದಲ ಸಣ್ಣದು ಕೈಗೆ ಬಂತು. ಅದನ್ನ ಬಿಟ್ಟು ದೊಡ್ಡದು ಹುಡುಕಿದೆ. ಕೆಲಸಂತೂ ಹೋತು, ಮುಳ್ಳಾದ್ರೂ ಚಂದಾಗಿ ಏರ್ಲಿ ಅಂತ.”

ಈಗ ಆಕೆಯೂ ಇಲ್ಲ. ಆ ಮಾತು ಆಡಿಕೊಳ್ಳಲು ನನಗೆ ಯಾರೂ ಉಳಿದಿಲ್ಲ. ಮೊಮ್ಮಗ ಇನ್ನೊಂದು ಈರುಳ್ಳಿ ಕೇಳಿದ. ಬುಟ್ಟಿಯಲ್ಲಿ ಕೈಯಾಡಿಸಿ ದೊಡ್ಡದನ್ನೇ ಹುಡುಕಿ ಕೊಟ್ಟೆ.